ಕಿರಾತಕಡ್ಡಿಯ ಭಾನುವಾರಗಳು

ಕಾಪುವಿನ ನಮ್ಮ ಮನೆಯ ಜಗಲಿಯಲ್ಲಿ ಮಳೆಗಾಲದ ಭಾನುವಾರ ಬೆಳಿಗ್ಗೆ ಒಂದು ಮಾತನ್ನು ಹೇಳುವಂತಿರಲಿಲ್ಲ. ಆ ಮಾತು ‘ಕೈಪೆ’. ತುಳುವಿನಲ್ಲಿ ಕಹಿಗೆ ಹಾಗೆನ್ನುತ್ತಾರೆ. ಕಿರಾತಕಡ್ಡಿ ಕಷಾಯದ ಲೋಟ ಹಿಡಿದವರು ಮುಖ ಹಿಂಡಬಹುದಿತ್ತು, ಕಣ್ಣು ಮುಚ್ಚಬಹುದಿತ್ತು, ಮನೆದೇವರನ್ನು ನೆನೆಯಬಹುದಿತ್ತು. ಆದರೆ ಆ ಮಾತು ಬಾಯಿಂದ ಬಿದ್ದರೆ ಮದ್ದು ಹಿಡಿಯುವುದಿಲ್ಲ ಎಂಬುದು ನನ್ನ ಅತ್ತೆಯ ನಂಬಿಕೆ. ಹೇಳಿದವರಿಗೆ ಇನ್ನೊಂದು ಲೋಟ ಎಂಬುದು ಅವರ ಕಾನೂನು. ಜನ ನಂಬಿಕೆಗಿಂತ ಕಾನೂನಿಗೆ ಹೆಚ್ಚು ಹೆದರುತ್ತಿದ್ದರು.

ಹೇಳಬಹುದಾದ ಮಾತು ಒಂದೇ: ‘ಹದ ಉಂಟು.’ ಕುಡಿದ ಲೋಟವನ್ನು ಜಗಲಿಯ ದಂಡೆಯ ಮೇಲೆ ಬೋರಲು ಹಾಕಬೇಕು. ಹನಿ ಬೀಳಬಾರದು. ‘ಹದ ಉಂಟು’ ಎನ್ನಬೇಕು. ಆಮೇಲೆ ಅತ್ತೆ ಅಂಗೈಗೆ ಒಂದು ಚೂರು ಓಲೆಬೆಲ್ಲ ಇಡುತ್ತಿದ್ದರು. ಅವರು ಮಾತ್ರ ಬೆಲ್ಲ ಮುಟ್ಟುತ್ತಿರಲಿಲ್ಲ. ಕಷಾಯ ಕಾಯಿಸುವವರು ಬೆಲ್ಲ ತಿನ್ನಬಾರದು ಎಂದು ಯಾವ ಶಾಸ್ತ್ರದಲ್ಲಿದೆಯೋ, ನಾನು ಕೇಳಿದಾಗಲೆಲ್ಲ ಅವರು ‘ಉಂಟು’ ಎಂದಷ್ಟೇ ಉತ್ತರಿಸಿದ್ದಾರೆ.

ನಾನು ಈ ಮನೆಗೆ ಸೊಸೆಯಾಗಿ ಬಂದದ್ದು ತೊಂಬತ್ತರ ದಶಕದ ಕೊನೆಯಲ್ಲಿ. ತವರು ಕಾರ್ಕಳ. ಗಂಡನಿಗೆ ಕಾಪು ಪೇಟೆಯಲ್ಲಿ ಝೆರಾಕ್ಸ್ ಅಂಗಡಿ. ನನಗೆ ಉಡುಪಿಯಲ್ಲಿ ಪತ್ರಿಕೆಯೊಂದರ ಸಂಪಾದಕೀಯ ವಿಭಾಗದಲ್ಲಿ ಮಧ್ಯಾಹ್ನದ ನಂತರದ ಕೆಲಸ. ಹಾಗಾಗಿ ಬೆಳಿಗ್ಗೆ ಮನೆಯಲ್ಲೇ ಇರುತ್ತಿದ್ದೆ. ಮನೆಯ ಮಾತು ತುಳು. ಇಲ್ಲಿ ಅದನ್ನು ನಮ್ಮ ಊರಿನ ಕನ್ನಡಕ್ಕೆ ತಂದಿದ್ದೇನೆ, ಆ ಒಂದು ಮಾತನ್ನು ಬಿಟ್ಟು. ಅದಕ್ಕೆ ಅದರದೇ ಸದ್ದು ಬೇಕು.

ಕಿರಾತಕಡ್ಡಿ ನೋಡಲಿಕ್ಕೆ ಏನೂ ಇಲ್ಲದ ಗಿಡ. ಮೊಣಕಾಲೆತ್ತರ, ಮೂಲೆಮೂಲೆಯಾದ ಸಪೂರ ಕಾಂಡ, ಉದ್ದನೆಯ ಎಲೆ, ಕಂಡೂ ಕಾಣದಷ್ಟು ಸಣ್ಣ ಬಿಳಿ ಹೂ. ಪುಸ್ತಕದವರು ಇದನ್ನು ನೆಲಬೇವು ಎನ್ನುತ್ತಾರೆ. ನಮ್ಮಲ್ಲಿ ಬಾವಿಯ ಆಚೆ, ತೆಂಗಿನ ನೆರಳಿನ ಹೊಯಿಗೆ ಎನ್ನುವ ಮರಳು ನೆಲದಲ್ಲಿ ತಾನಾಗಿ ಹುಟ್ಟುತ್ತಿತ್ತು. ಹೂ ಬಿಟ್ಟ ಮೇಲೆ ಅತ್ತೆ ಬೇರುಸಹಿತ ಕಿತ್ತು, ತೊಳೆದು, ನೆರಳಲ್ಲಿ ಒಣಗಿಸಿ, ಕಟ್ಟು ಕಟ್ಟಿ ಒಲೆಯ ಮೇಲಿನ ಅಟ್ಟಕ್ಕೆ ನೇತುಹಾಕುತ್ತಿದ್ದರು. ಹೊಗೆ ಕುಡಿದು ಕಡ್ಡಿ ಕಪ್ಪಾಗಬೇಕು. ಶನಿವಾರ ಸಂಜೆ ನೆನೆಹಾಕುವುದು, ಭಾನುವಾರ ಕರಿಮೆಣಸು ಜೀರಿಗೆ ಜಜ್ಜಿ ಹಾಕಿ ಮಣ್ಣಿನ ಮಡಕೆಯಲ್ಲಿ ಅರ್ಧಕ್ಕಿಳಿಯುವವರೆಗೆ ಕಾಯಿಸುವುದು.

ಇದರಿಂದ ಜ್ವರ ಇಳಿಯುತ್ತದೆ, ಹೊಟ್ಟೆಯ ಹುಳ ಸಾಯುತ್ತದೆ, ಮೈ ತುರಿಕೆ ಹೋಗುತ್ತದೆ, ಪಿತ್ತ ಶಮನವಾಗುತ್ತದೆ, ಸಕ್ಕರೆ ಕಾಯಿಲೆ ಹತೋಟಿಗೆ ಬರುತ್ತದೆ, ಗಂಡಸರ ಕೋಪ ಕಡಿಮೆಯಾಗುತ್ತದೆ. ಇದು ಅತ್ತೆಯ ಪಟ್ಟಿ. ಕೈಯಾರೆ ಪರಿಶೀಲಿಸದ್ದನ್ನು ‘ಎನ್ನಲಾಗಿದೆ’ ಸೇರಿಸದೆ ಬರೆಯಬಾರದೆಂದು ನನಗೆ ಕೆಲಸ ಕಲಿಸಿದವರು ಹೇಳಿದ್ದರಿಂದ, ಅಷ್ಟಕ್ಕೂ ಕೊನೆಯಲ್ಲಿ ಒಂದು ‘ಎನ್ನಲಾಗಿದೆ’ ಸೇರಿಸುತ್ತೇನೆ. ಕೋಪದ ವಿಷಯ ಮಾತ್ರ ಪರಿಶೀಲಿಸಿದ್ದೇನೆ. ನಿಜ. ಕುಡಿದ ಮೇಲೆ ಸುಮಾರು ಹೊತ್ತು ಅವರಿಗೆ ಬಾಯಿ ತೆರೆಯಲಿಕ್ಕೇ ಮನಸ್ಸಿರುವುದಿಲ್ಲ.

ತುಳುವರ ಆಟಿ ತಿಂಗಳ ಅಮಾವಾಸ್ಯೆಯ ದಿನ ಪಾಲೆ ಮರದ ತೊಗಟೆಯ ಕಷಾಯ ಕುಡಿಯುವುದು ಊರಿಗೆಲ್ಲ ಗೊತ್ತಿರುವ ಸಂಗತಿ. ಅದು ವಾರ್ಷಿಕ ಪರೀಕ್ಷೆ. ಅತ್ತೆ ಮಾಡುತ್ತಿದ್ದದ್ದು ವಾರದ ಟೆಸ್ಟು, ಮಳೆ ಹಿಡಿದಾಗಿನಿಂದ ಆಟಿಯ ಮರುತಿಂಗಳಾದ ಸೋಣ ಮುಗಿಯುವವರೆಗೆ. ಇದಕ್ಕೆ ಕರೆಯೋಲೆ ಇರಲಿಲ್ಲ, ಒತ್ತಾಯವೂ ಇರಲಿಲ್ಲ. ಆದರೂ ಜನ ಬರುತ್ತಿದ್ದರು. ಮಳೆಗಾಲದಲ್ಲಿ ದೋಣಿಗಳು ದಡದಲ್ಲಿ. ಗಂಡಸರಿಗೆ ಹೋಗಲು ಜಾಗ ಬೇಕು. ಹೆಂಗಸರಿಗೆ ಇನ್ನೊಬ್ಬರ ಮನೆಯಲ್ಲಿ ಕುಳಿತುಕೊಳ್ಳಲು ಒಂದು ಕಾರಣ ಬೇಕು. ಕೊಡೆ ಮಡಚಿ ಮೂಲೆಗಿಟ್ಟು, ಒಬ್ಬರ ಮುಖ ಇನ್ನೊಬ್ಬರು ನೋಡುತ್ತ ಕುಡಿಯುವುದು, ನಕ್ಕವರನ್ನು ಬೈಯುವುದು, ಆಮೇಲೆ ಊರ ಸುದ್ದಿ.

ಎಲ್ಲರಿಗಿಂತ ಮೊದಲು ಬಂದು ಬಾಗಿಲ ಪಕ್ಕದ ಜಾಗ ಹಿಡಿಯುತ್ತಿದ್ದವರು ಪಕ್ಕದ ಮನೆಯ ಕಂಡಕ್ಟರಣ್ಣ. ಮಂಗಳೂರು–ಉಡುಪಿ ರೂಟಿನ ಖಾಸಗಿ ಬಸ್ಸಿನಲ್ಲಿ ಪ್ರಾಯ ಕಳೆದು ನಿವೃತ್ತರಾದವರು. ಜಗಲಿಗೆ ಯಾರು ಹತ್ತಿದರೂ ‘ಒಳಗೆ ಹೋಗಿ, ಒಳಗೆ ಜಾಗ ಉಂಟು’ ಎನ್ನುವ ಅಭ್ಯಾಸ ಅವರಿಗೆ ಹೋಗಿರಲಿಲ್ಲ.

ಬಾವಿಯ ಹಿಂದಿನ ಬಾಡಿಗೆ ಕೋಣೆಯಲ್ಲಿ ಬಾಗಲಕೋಟೆ ಕಡೆಯ ಮೇಸ್ತ್ರಿ ದಂಪತಿ ಇದ್ದರು. ಗಂಡನಿಗೆ ಮಣಿಪಾಲದ ಕಟ್ಟಡಗಳಲ್ಲಿ ಗಾರೆ ಕೆಲಸ. ಹೆಂಡತಿ ಬೆಳಿಗ್ಗೆ ಅತ್ತೆಗೆ ಅಡುಗೆಮನೆಯಲ್ಲಿ ಕೈ ಜೋಡಿಸುತ್ತಿದ್ದಳು. ಬಂದ ಮೊದಲ ಮಳೆಗಾಲದಲ್ಲಿ ಆಕೆ ಲೋಟ ಬಾಯಿಗಿಟ್ಟವಳೇ, “ಯವ್ವಾ, ಎಷ್ಟ್ ಕಹಿ ಐತ್ರೀ!” ಎಂದುಬಿಟ್ಟಳು. ಎಲ್ಲರೂ ಅತ್ತೆಯ ಕಡೆ ತಿರುಗಿದರು.

ಕಂಡಕ್ಟರಣ್ಣ ವಕಾಲತ್ತಿಗೆ ನಿಂತರು. “ಅವಳು ಹೇಳಿದ್ದು ಕನ್ನಡದಲ್ಲಿ ಅಕ್ಕ. ಅದು ಲೆಕ್ಕಕ್ಕಿಲ್ಲ.”

“ಮದ್ದಿಗೆ ಎಲ್ಲ ಭಾಷೆಯೂ ಬರ್ತದೆ” ಎಂದು ಅತ್ತೆ ಎರಡನೆಯ ಲೋಟ ತುಂಬಿಸಿದರು.

ಅಂದಿನಿಂದ ಆಕೆ ನಮ್ಮೆಲ್ಲರಿಗಿಂತ ಕಟ್ಟುನಿಟ್ಟಾದಳು. ಕುಡಿದು, ಲೋಟ ಬೋರಲು ಹಾಕಿ, “ಹದ ಐತ್ರೀ ಅಮ್ಮಾರ” ಎನ್ನುವಾಗ ಆಕೆಯ ಮುಖದಲ್ಲಿ ಒಂದು ಗೆರೆಯೂ ಅಲುಗುತ್ತಿರಲಿಲ್ಲ.

ಇಷ್ಟೆಲ್ಲದರ ಮೂಲ ಅತ್ತೆಯ ನಾಲಗೆ. ಅಳತೆ ಪಾತ್ರೆ ಇರಲಿಲ್ಲ, ಗಡಿಯಾರ ನೋಡುತ್ತಿರಲಿಲ್ಲ. ತೆಂಗಿನ ಚಿಪ್ಪಿನ ಸೌಟಿನಲ್ಲಿ ಒಂದು ಗುಟುಕು ತೆಗೆದು, ಆರಿಸಿ, ನಾಲಗೆಯ ಹಿಂಬದಿಗೆ ಬಿಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದರು. ತುದಿ ನಾಲಗೆ ಸುಳ್ಳು ಹೇಳುತ್ತದಂತೆ. ಒಂದು ಕ್ಷಣ ಕಾದು ‘ಹ್ಞಾಂ’ ಎಂದರೆ ಮಡಕೆ ಕೆಳಗಿಳಿಯಬೇಕು. ಅವರು ಎಂದೂ ಡಾಕ್ಟರರಿಗೆ ಎದುರು ನಿಂತವರಲ್ಲ. ಜ್ವರ ಬಂದವರನ್ನು ‘ಮೊದಲು ಡಾಕ್ಟರಲ್ಲಿಗೆ ಹೋಗಿ, ಭಾನುವಾರ ಇಲ್ಲಿಗೆ ಬನ್ನಿ’ ಎಂದು ಕಳಿಸುತ್ತಿದ್ದರು. “ಮಣಿಪಾಲದವರು ಕಾಯಿಲೆ ನೋಡಿಕೊಳ್ತಾರೆ. ನಾನು ಬಾಯಿ ನೋಡಿಕೊಳ್ತೇನೆ” ಎನ್ನುವುದು ಅವರು ಮಾಡಿಕೊಂಡಿದ್ದ ಪಾಲುಪಟ್ಟಿ.

ಎರಡು ಸಾವಿರದ ದಶಕದ ಕೊನೆಕೊನೆಗೆ ಒಂದು ಮಳೆಗಾಲದಲ್ಲಿ ಕರಾವಳಿಗೆ ಚಿಕುನ್‌ಗುನ್ಯಾ ಬಂತು. ಕಚೇರಿಯಲ್ಲಿ ನಾನು ದಿನವೂ ಅದೇ ಸುದ್ದಿಯನ್ನು ತಿದ್ದುತ್ತಿದ್ದೆ. ‘ನೀರು ನಿಲ್ಲದಂತೆ ನೋಡಿಕೊಳ್ಳಿ, ವೈದ್ಯರನ್ನು ಕಾಣಿ’ ಎಂಬ ಕೊನೆಯ ಸಾಲು ಇದೆಯೇ ಎಂದು ನೋಡಿ ಪುಟಕ್ಕೆ ಬಿಡುತ್ತಿದ್ದೆ. ಕಾಪು ಪೇಟೆಯಲ್ಲಿ ಜನ ಗೋಡೆ ಹಿಡಿದು ನಡೆಯುತ್ತಿದ್ದರು. “ಊರಿಡೀ ಸೀಟು ಸಿಗದವರ ಹಾಗೆ ಬಾಗಿ ನಿಂತಿದ್ದಾರಲ್ಲ ಮಾರಾಯ್ರೆ” ಎಂದು ನಕ್ಕ ಕಂಡಕ್ಟರಣ್ಣ, ಸ್ವಲ್ಪ ದಿನದಲ್ಲಿ ತಾವೂ ಬಾಗಿದರು.

ಆಮೇಲೆ ಅತ್ತೆ ಮಲಗಿದರು. ಡಾಕ್ಟರಿಗೆ ತೋರಿಸಿದೆವು, ಜ್ವರ ಇಳಿಯಿತು, ಬೆರಳಿನ ಗಂಟುಗಳು ಮಾತ್ರ ಬಿಗಿದುಕೊಂಡವು. ಅವರು ಮಲಗಿದ್ದ ಭಾನುವಾರಗಳಲ್ಲಿ ಅಭ್ಯಾಸಬಲದಿಂದ ಕೆಲವರು ಬಂದರು. ನಾನು ಚಹಾ ಮಾಡಿಕೊಟ್ಟೆ. ಕುಡಿದು, “ಅಕ್ಕ ಹೇಗಿದ್ದಾರೆ?” ಎಂದು ಕೇಳಿ ಎದ್ದು ಹೋದರು. ಮರುವಾರ ಇನ್ನೂ ಕಡಿಮೆ. ನನ್ನ ಚಹಾ ಅಷ್ಟು ಕೆಟ್ಟದಾಗಿರಲಿಲ್ಲ. ಆದರೆ ಚಹಾ ಎಲ್ಲರ ಮನೆಯಲ್ಲೂ ಸಿಗುತ್ತದೆ. ಮುಖ ಹಿಂಡಿಕೊಂಡು ಒಟ್ಟಿಗೆ ಕುಳಿತುಕೊಳ್ಳುವ ಕಾರಣ ಎಲ್ಲೂ ಸಿಗುವುದಿಲ್ಲ. ಒಳಕೋಣೆಯಲ್ಲಿ ಮಲಗಿದ್ದ ಅತ್ತೆ ಜಗಲಿಯ ಸದ್ದಿಗೆ ಕಿವಿಗೊಟ್ಟು, “ಇವತ್ತು ಯಾರೂ ಇಲ್ವಾ?” ಎಂದು ಕೇಳಿದ್ದು ನನಗೆ ನೆನಪಿದೆ. “ಮಳೆ ಜೋರುಂಟು ಅತ್ತೆ” ಎಂದೆ. ಮಳೆ ಅಷ್ಟೇನೂ ಇರಲಿಲ್ಲ.

ಎದ್ದು ಓಡಾಡುವಂತಾದ ಮೊದಲ ಭಾನುವಾರವೇ ಅತ್ತೆ ಮಡಕೆ ಇಟ್ಟರು. ಸೌಟಿನಲ್ಲಿ ಗುಟುಕು ತೆಗೆದರು, ಕಣ್ಣು ಮುಚ್ಚಿದರು. ಕಾದರು. ‘ಹ್ಞಾಂ’ ಬರಲಿಲ್ಲ.

“ಈ ಕಡ್ಡಿಗೆ ಎಂತಾಗಿದೆ? ದಮ್ಮೇ ಇಲ್ಲ” ಎಂದು ಅಟ್ಟದಿಂದ ಇನ್ನೊಂದು ಕಟ್ಟು ಇಳಿಸಿ ಮುರಿದು ಹಾಕಿದರು. ಮತ್ತೆ ರುಚಿ ನೋಡಿದರು. ಮತ್ತೆ ಒಂದು ಹಿಡಿ. ಕೊನೆಗೆ ಬೇಸರದಿಂದಲೇ ಮಡಕೆ ಇಳಿಸಿದರು.

ಆ ದಿನ ಜಗಲಿ ತುಂಬಿತ್ತು. ಅಕ್ಕ ಎದ್ದಿದ್ದಾರೆ ಎಂದು ಸುದ್ದಿ ಹೋಗಿತ್ತು. ಕಂಡಕ್ಟರಣ್ಣ ಮೊದಲ ಲೋಟ ಎತ್ತಿ, ಎಂದಿನಂತೆ ಒಂದೇ ಉಸಿರಿಗೆ ಇಳಿಸಿದರು. ಆಮೇಲೆ ಅವರು ಎದುರಿನ ತೆಂಗಿನ ಮರವನ್ನು ನೋಡತೊಡಗಿದರು. ಬಹಳ ಹೊತ್ತು ನೋಡಿದರು. ಎರಡು ಕಣ್ಣಿನಿಂದಲೂ ನೀರು ಇಳಿಯಿತು.

“ಹೇಗುಂಟು?” ಎಂದರು ಅತ್ತೆ.

ಕಂಡಕ್ಟರಣ್ಣ ಲೋಟ ಬೋರಲು ಹಾಕಿದರು. “ಹದ...” ಎಂದು ನಿಲ್ಲಿಸಿ, ಉಗುಳು ನುಂಗಿ, “ಉಂಟು ಅಕ್ಕ” ಎಂದರು.

“ಅಳ್ತೀರಿ ಯಾಕೆ?”

“ನೀವು ಎದ್ದಿರಲ್ಲ ಅಂತ ಸಂತೋಷಕ್ಕೆ.”

ಅತ್ತೆಯ ಮುಖ ಅರಳಿತು. ಅದನ್ನು ನೋಡಿದ ಮೇಲೆ ಉಳಿದವರಿಗೆ ಬೇರೆ ದಾರಿ ಇರಲಿಲ್ಲ. ಒಬ್ಬೊಬ್ಬರಾಗಿ ಕುಡಿದರು, ಒಬ್ಬೊಬ್ಬರಾಗಿ ತೆಂಗಿನ ಮರ ನೋಡಿದರು, ಒಬ್ಬೊಬ್ಬರಾಗಿ ಹದ ಉಂಟು ಎಂದರು. ನನ್ನ ಗಂಡ ಕುಡಿದು, ಅಂಗಡಿಗೆ ಹೋಗಿ, ಮಧ್ಯಾಹ್ನದವರೆಗೆ ಗಿರಾಕಿಗಳಿಗೆ ಕೈಸನ್ನೆಯಲ್ಲೇ ಉತ್ತರ ಕೊಟ್ಟರಂತೆ. ನಾನೂ ಕುಡಿದೆ. ಅದರ ರುಚಿಯನ್ನು ವರ್ಣಿಸುವ ಮಾತಿಗೆ ಆ ಮನೆಯಲ್ಲಿ ನಿಷೇಧವಿತ್ತು ಎಂದಷ್ಟೇ ದಾಖಲಿಸುತ್ತೇನೆ.

ಅಲ್ಲಿಂದ ಅತ್ತೆಯ ಹುಡುಕಾಟ ಶುರುವಾಯಿತು. ಹೊಯಿಗೆಯ ನೆಲ ಸತ್ತಿದೆ, ಗಿಡದಲ್ಲಿ ಸಾರ ಇಲ್ಲ ಎಂದು ತೀರ್ಮಾನಿಸಿ, ಕಾರ್ಕಳದ ಕೆಂಪು ಮುರಕಲ್ಲು ನೆಲದ ಕಡ್ಡಿ ತರಿಸಲು ನನಗೆ ಹೇಳಿದರು. ನಾನು ಅಮ್ಮನಿಗೆ ಫೋನು ಮಾಡಿದೆ. ಅಮ್ಮ ಒಂದು ಕಟ್ಟನ್ನು ಕಾರ್ಕಳದ ಬಸ್ಸಿನಲ್ಲಿ ಕಳಿಸಿದರು. ಅತ್ತೆ ಅದನ್ನು ಕಾಯಿಸಿ ರುಚಿ ನೋಡಿ, “ನಿಮ್ಮ ಕಾರ್ಕಳದ್ದು ಹುಲ್ಲು” ಎಂದರು. ಅದನ್ನು ನಾನು ಅಮ್ಮನಿಗೆ ತಲುಪಿಸಬಾರದಿತ್ತು. ನನ್ನ ಗಂಡ ತಲುಪಿಸಿದರು.

“ಹುಲ್ಲಾ?” ಅಮ್ಮನ ಧ್ವನಿ ರಿಸೀವರಿನಿಂದ ಹೊರಗೆ ಬಂತು. “ಹುಲ್ಲಾದ್ರೆ ದನಕ್ಕೆ ಹಾಕಿ ನೋಡಲಿಕ್ಕೆ ಹೇಳಿ ನಿಮ್ಮ ಅಮ್ಮನಿಗೆ. ದನ ನಾಳೆಯೇ ಮನೆ ಬಿಟ್ಟು ಹೋಗ್ತದೆ.”

ಮುಂದಿನದು ಪೆರ್ಡೂರು. ಅಲ್ಲಿ ಕಂಡಕ್ಟರಣ್ಣನ ಸಂಬಂಧಿಕರ ತೋಟದ ಬದಿಯಲ್ಲಿ ಒಳ್ಳೆಯ ಗಿಡ ಉಂಟೆಂದು ಅತ್ತೆಗೆ ಯಾರೋ ಹೇಳಿದ್ದರು. ತಂದುಕೊಡಬೇಕಾದವರು ಕಂಡಕ್ಟರಣ್ಣನೇ. ತನ್ನ ಗಲ್ಲಿಗೆ ತಾನೇ ಹಗ್ಗ ತರುವವನ ಮುಖ ಮಾಡಿಕೊಂಡು ಅವರು ತಂದರು. ಅದೂ ನೀರಂತೆ. ಆಮೇಲೆ ಬನ್ನಂಜೆಯ ಹತ್ತಿರದ ಗ್ರಂಥಿಗೆ ಅಂಗಡಿ. ಒಣ ಬೇರು ನಾರು ಮಾರುವ ಆ ಅಂಗಡಿಯಿಂದ ಕೆಲಸಕ್ಕೆ ಹೋಗುವಾಗ ನಾನೇ ಕೊಂಡೆ. ಕಟ್ಟು ಕಚೇರಿಯಲ್ಲಿ ನನ್ನ ಮೇಜಿನ ಕೆಳಗೆ ಒರಗಿ ನಿಂತಿತ್ತು. “ಎಂತ ಮೇಡಂ, ಇವತ್ತು ಪೊರಕೆ ಸಮೇತ ಬಂದದ್ದು? ಪುಟ ಗುಡಿಸ್ಲಿಕ್ಕಾ?” ಎಂದು ಕೇಳಿದ ಸಹೋದ್ಯೋಗಿ ಒಂದು ಎಲೆ ಮುರಿದು ಬಾಯಿಗೆ ಹಾಕಿಕೊಂಡರು. ಆ ದಿನ ಅವರು ಇನ್ನೇನೂ ಕೇಳಲಿಲ್ಲ.

ಹೀಗೆ ಅತ್ತೆ ಕಹಿ ಹುಡುಕುತ್ತ ಜಿಲ್ಲೆಯನ್ನೇ ಜಾಲಾಡಿದರು. ಸಿಗದೆ, ಕಾಪು, ಕಾರ್ಕಳ, ಪೆರ್ಡೂರು, ಬನ್ನಂಜೆ ನಾಲ್ಕನ್ನೂ ಒಂದೇ ಮಡಕೆಗೆ ಹಾಕಿದರು. ನಾನು ಒಮ್ಮೆ ಧೈರ್ಯ ಮಾಡಿ, “ಅತ್ತೆ, ಸ್ವಲ್ಪ ಜೋರಾಗ್ತದೆ ಅಲ್ವಾ?” ಎಂದೆ.

“ಯಾರು ಹೇಳಿದ್ದು?”

ಯಾರೂ ಹೇಳಿರಲಿಲ್ಲ. ಹೇಳುವಂತೆಯೇ ಇರಲಿಲ್ಲ.

“ಎಲ್ಲರೂ ಹದ ಉಂಟು ಅಂತಾರೆ” ಎಂದರು ಅತ್ತೆ. “ನೀನೂ ಹೇಳಿದ್ದಿ.”

ಅವರ ಕಾನೂನು ಅವರನ್ನೇ ಹೇಗೆ ಸುತ್ತಿಕೊಂಡಿತ್ತೆಂದರೆ, ಜಗಲಿಯಲ್ಲಿದ್ದ ಒಬ್ಬೊಬ್ಬ ಸಾಕ್ಷಿಯೂ ಪ್ರತಿ ವಾರ ಪ್ರಮಾಣ ಮಾಡಿ ಸುಳ್ಳು ಹೇಳುತ್ತಿದ್ದ.

ಒಂದು ವಾರದ ದಿನ, ಬಟ್ಟೆ ಒಣಹಾಕಿ ಹಿಂಬಾಗಿಲಿನಿಂದ ಒಳಗೆ ಬಂದಾಗ, ಅತ್ತೆ ಅಡುಗೆಮನೆಯ ಮಣೆಯ ಮೇಲೆ ಒಬ್ಬರೇ ಕುಳಿತಿದ್ದರು. ಎದುರಿಗೆ ಹಾಗಲಕಾಯಿಯ ಹಸಿ ಹೋಳು. ಒಂದನ್ನು ಬಾಯಿಗೆ ಹಾಕಿ, ಕಣ್ಣು ಮುಚ್ಚಿ ಕಾದರು. ಅಗಿದು ನುಂಗಿದರು. ಆಮೇಲೆ ಕಿರಾತಕಡ್ಡಿಯ ಹಸಿ ಎಲೆ. ಸೌತೆಕಾಯಿ ತಿಂದ ಹಾಗೆ ತಿಂದರು. ಕಣ್ಣು ತೆರೆದಾಗ ನಾನು ಕಂಡೆ.

“ನೋಡಿದ್ಯಾ?”

“ನೋಡಿದೆ.”

“ಪೇಪರಲ್ಲಿ ಹಾಕುದಿಲ್ವಲ್ಲ?”

“ಇಲ್ಲ.”

ಅವರು ಹಾಗಲಕಾಯಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. “ಕಡ್ಡಿಗೆ ಎಂತದೂ ಆಗ್ಲಿಲ್ಲ. ನಾಲಗೆ ಹೋಗಿದೆ ಮಾರಾಯ್ತಿ. ಉಪ್ಪು ತಿಳಿತದೆ, ಹುಳಿ ತಿಳಿತದೆ. ಇದೊಂದು ತಿಳಿಯುದಿಲ್ಲ. ಆ ಜ್ವರ ಹೋಗುವಾಗ ಇದನ್ನೇ ಕಟ್ಟಿಕೊಂಡು ಹೋಗಿದೆ.”

“ಹಾಗಾದ್ರೆ ಕಷಾಯ?”

“ಅಂದಾಜಿಗೆ ಮಾಡುದು. ಕಣ್ಣು ಕಟ್ಟಿ ಬಸ್ಸು ಬಿಟ್ಟ ಹಾಗೆ. ಅವರು ಹದ ಉಂಟು ಅಂದಾಗ, ಸದ್ಯ ಎಲ್ಲಿಗೂ ಗುದ್ದಲಿಲ್ಲ ಅಂತ.” ಮೂಲೆಯ ಮಡಕೆಯ ಕಡೆ ನೋಡಿ, “ಆದ್ರೆ ಎಷ್ಟು ದಿವಸ? ಸೋಣ ತಿಂಗಳ ಕೊನೆಯ ಭಾನುವಾರದವರೆಗೆ ನೋಡುದು. ಬರದಿದ್ರೆ ಮಡಕೆ ತೊಳೆದು ಅಟ್ಟಕ್ಕೆ ಹಾಕುದು, ಮತ್ತೆ ಇಳಿಸುದಿಲ್ಲ. ನಾಲಗೆ ಇಲ್ಲದವಳು ಊರಿಗೆ ಮದ್ದು ಕುಡಿಸಬಾರದು” ಎಂದರು.

“ನಾನು ರುಚಿ ನೋಡಿ ಹೇಳ್ತೇನೆ ಅತ್ತೆ.”

ಅವರು ನನ್ನನ್ನು ಕನಿಕರದಿಂದ ನೋಡಿದರು. “ನೀನಾ? ಹಾಗಲಕಾಯಿಗೆ ಬೆಲ್ಲ ಹಾಕುವವಳು?”

ನಕ್ಕರು. ಆದರೆ ನಗು ಮುಗಿದ ಮೇಲೆ ಜಗಲಿಯ ಕಡೆ ಒಮ್ಮೆ ನೋಡಿದರು. ಖಾಲಿ ಜಗಲಿ, ಒರೆಸಿ ಇಟ್ಟ ದಂಡೆ. “ಮಡಕೆ ಅಟ್ಟಕ್ಕೆ ಹೋದ್ರೆ ಮತ್ತೆ ಇಲ್ಲಿಗೆ ಯಾರು ಬರುದು?” ಎಂದರು. ಅದು ನನಗೆ ಕೇಳಿದ ಪ್ರಶ್ನೆಯಾಗಿರಲಿಲ್ಲ.

ಮರುದಿನ ನಾನು ನಮ್ಮ ಪುಟದಲ್ಲಿ ಓದುಗರ ಪ್ರಶ್ನೆಗೆ ಉತ್ತರಿಸುತ್ತಿದ್ದ ಮಣಿಪಾಲದ ಡಾಕ್ಟರೊಬ್ಬರಿಗೆ ಫೋನು ಮಾಡಿ, ಯಾರ ವಿಷಯವೆಂದು ಹೇಳದೆ ಕೇಳಿದೆ. ಜ್ವರದ ನಂತರ ಹೀಗಾಗುವುದುಂಟು, ಸಾಮಾನ್ಯವಾಗಿ ತಾನಾಗಿ ಬರುತ್ತದೆ, ಯಾವಾಗ ಎಂದು ಹೇಳಲಾಗದು ಎಂದರು. ಸಂಪೂರ್ಣ ಜವಾಬ್ದಾರಿಯುತ ಉತ್ತರ. ಮನೆಗೆ ಬಂದು ಅದನ್ನು ಹಾಗೆಯೇ ಒಪ್ಪಿಸಿದೆ.

“ತಾನಾಗಿ ಬರ್ತದಂತಾ?” ಎಂದರು ಅತ್ತೆ. “ಯಾವ ಬಸ್ಸಿಗೆ ಅಂತ ಕೇಳಿದ್ಯಾ?”

ಈ ನಡುವೆ ಜಗಲಿಯಲ್ಲಿ ಒಂದು ಬದಲಾವಣೆ ಗಮನಿಸಿದೆ. ಜನ ತೆಂಗಿನ ಮರ ನೋಡುವುದು ನಿಂತಿತ್ತು. ಕಂಡಕ್ಟರಣ್ಣ ಮೊದಲಿನಂತೆ ಲೋಟ ಇಳಿಸಿ, ಮೊದಲಿನಂತೆ ಮಾತಿಗೆ ಕೂರುತ್ತಿದ್ದರು. ಮಡಕೆಗೆ ಬೀಳುವ ಕಡ್ಡಿ ಕಡಿಮೆಯಾಗಿರಲಿಲ್ಲ, ನಾನೇ ನೋಡುತ್ತಿದ್ದೆ. ಆದರೂ ನನ್ನ ಲೋಟವೂ ಸುಲಭವಾಗಿ ಇಳಿಯುತ್ತಿತ್ತು. ಹಾಗಾದರೆ ಊರಿನವರ ನಾಲಗೆಯೂ, ನನ್ನದೂ ಹೋಯಿತೇ? ಮುಂದಿನ ಭಾನುವಾರ ನಾನು ಜಗಲಿಯಲ್ಲಿ ಕೂರದೆ ನಡುಕೋಣೆಯ ಬಾಗಿಲಲ್ಲಿ ನಿಂತೆ.

ಅಡುಗೆಮನೆಯಲ್ಲಿ ಅತ್ತೆ ಮಡಕೆಯಿಂದ ಕಷಾಯವನ್ನು ಹಿತ್ತಾಳೆಯ ಕೆಟಲಿಗೆ ಸೋಸಿ ಕೊಡುತ್ತಿದ್ದರು. ಬಿಗಿದ ಬೆರಳಿನಿಂದಾಗಿ ಭಾರ ಎತ್ತಲಾಗದೆ, ಜಗಲಿಗೆ ಒಯ್ಯುವ ಕೆಲಸ ಮೇಸ್ತ್ರಿಯ ಹೆಂಡತಿಯದಾಗಿತ್ತು. ಆಕೆ ನಡುಕೋಣೆಗೆ ಬಂದಳು, ಕೆಟಲನ್ನು ಕಿಟಕಿಯ ಮೇಲಿಟ್ಟಳು, ಅರ್ಧವನ್ನು ಕಿಟಕಿಯಾಚೆ ಚೆಲ್ಲಿದಳು, ಮೂಲೆಯಲ್ಲಿ ಮುಚ್ಚಿಟ್ಟಿದ್ದ ಚೆಂಬಿನಿಂದ ಬಿಸಿನೀರು ಹೊಯ್ದು ತುಂಬಿಸಿದಳು. ತಿರುಗಿದರೆ ನಾನು.

ಆಕೆಗೆ ಗಾಬರಿಯೇನೂ ಆಗಲಿಲ್ಲ. “ನೋಡ್ರೀ ಅಕ್ಕಾರ” ಎಂದಳು ತಗ್ಗಿದ ದನಿಯಲ್ಲಿ. “ಆವತ್ತ ನಮ್ಮ ಮನ್ಯಾವ್ರು ಇದನ್ನ ಕುಡದು ಹೋದಾವ್ರು ಮಣಿಪಾಲ ಮುಟ್ಟೂತನ ಬಾಯಿ ಬಿಚ್ಚಿಲ್ರೀ. ಮ್ಯಾಲ ನಿಂತು ಸಿಮೆಂಟ್ ಬೇಕಂದ್ರ ಕೈ ಬೀಸ್ಯಾರ, ಕೆಳಗಿನಾವ ಟಾಟಾ ಮಾಡ್ಯಾನ. ಹಿಂಗಾದ್ರ ಮಂದಿ ಬರೂದು ಬಿಡ್ತಾರ್ರೀ. ಮಂದಿ ಬಿಟ್ರ ಅಮ್ಮಾರು ಏನ್ ಮಾಡ್ಬೇಕು?”

ಅತ್ತೆಯ ಪ್ರಶ್ನೆಯೇ ಬೇರೊಂದು ಕನ್ನಡದಲ್ಲಿ ನನ್ನ ಮುಂದೆ ನಿಂತಿತ್ತು. ಆಕೆಗೆ ನಾಲಗೆಯ ವಿಷಯ ಗೊತ್ತಿರಲಿಲ್ಲ, ನಾನು ಹೇಳಲೂ ಇಲ್ಲ. “ಕೆಟಲು ಆರ್ತದೆ, ಹೋಗಿ” ಎಂದೆ. ಅಲ್ಲಿಗೆ ಒಂದೇ ಮನೆಯ ಎರಡು ಗುಟ್ಟು ನನ್ನಲ್ಲಿ ಉಳಿದವು. ಎರಡೂ ಪ್ರಕಟಣೆಗಲ್ಲ.

ಸೋಣದ ಕೊನೆಯ ಭಾನುವಾರ ಬಂತು. ಮಳೆ ಬಿಟ್ಟು ಬಿಟ್ಟು ಬರುತ್ತಿತ್ತು. ಅಂದು ಅತ್ತೆ ಮಡಕೆಯಿಂದ ರುಚಿ ನೋಡಲಿಲ್ಲ. ಸೌಟನ್ನು ತೊಳೆದು ಗೂಟಕ್ಕೆ ಸಿಕ್ಕಿಸಿ, ಕಷಾಯ ಸೋಸಿ ಕೊಟ್ಟು, ಸೆರಗು ಸರಿಮಾಡಿಕೊಂಡು ಜಗಲಿಗೆ ಬಂದು ಕುಳಿತರು. ಎಂದೂ ಕೂರುವವರಲ್ಲ, ನಿಂತು ಬೆಲ್ಲ ಹಂಚುವವರು. ಅವರು ಏನು ಹೇಳಲು ಬಂದಿದ್ದಾರೆಂದು ನನಗೊಬ್ಬಳಿಗೆ ಗೊತ್ತಿತ್ತು.

“ನನಗೂ ಒಂದು ಲೋಟ ಕೊಡು” ಎಂದರು ಮೇಸ್ತ್ರಿಯ ಹೆಂಡತಿಗೆ. “ಇವತ್ತು ನಿಮ್ಮೊಟ್ಟಿಗೆ ಕುಡಿದು ಒಂದು ಮಾತು ಹೇಳ್ಲಿಕ್ಕುಂಟು.”

ಆಕೆ ನನ್ನ ಮುಖ ನೋಡಿದಳು. ನಾನು ಮಳೆ ನೋಡಿದೆ. ಆಕೆ ಲೋಟ ತುಂಬಿಸಿ ಕೊಟ್ಟಳು.

ಅತ್ತೆ ಒಂದು ಗುಟುಕು ಕುಡಿದರು. ನಿಂತರು. ಇನ್ನೊಂದು ಗುಟುಕನ್ನು ನಾಲಗೆಯ ಹಿಂಬದಿಗೆ ಬಿಟ್ಟು ಕಣ್ಣು ಮುಚ್ಚಿದರು.

“ಇದು ನೀರು” ಎಂದರು.

“ಹದ ಉಂಟಲ್ಲ ಅಕ್ಕ” ಎಂದರು ಕಂಡಕ್ಟರಣ್ಣ ಅವಸರದಲ್ಲಿ. ಕಡ್ಡಿಗೆ ದಮ್ ಇಲ್ಲ, ಇದು ನೀರು, ಇದು ಹುಲ್ಲು ಎಂದು ಅತ್ತೆ ತಿಂಗಳುಗಟ್ಟಲೆ ಹೇಳಿದ್ದನ್ನು ಎಲ್ಲರೂ ಕೇಳಿದ್ದರು. ಅದು ಹೊಸ ಕಟ್ಟಿಗೆ ಪೀಠಿಕೆಯೆಂದೂ ತಿಳಿದಿದ್ದರು. “ಭಾರೀ ಹದ ಉಂಟು. ಇನ್ನು ಕಡ್ಡಿ ಹಾಕುದೇ ಬೇಡ.”

“ಎಂತ ಹದ? ಇದಕ್ಕೆ ಬಿಸಿನೀರು ಬಿದ್ದಿದೆ. ಅರ್ಧಕ್ಕರ್ಧ.”

ಮೇಸ್ತ್ರಿಯ ಹೆಂಡತಿ ಕೆಟಲನ್ನು ಸೆರಗಿನ ಮರೆಗೆ ಸರಿಸಿದಳು. ನನಗೆ ಮಾತ್ರ ಆ ಮಾತಿನಲ್ಲಿ ಬೇರೆ ಏನೋ ಕೇಳಿಸಿತು. ಕಹಿ ಇಲ್ಲ ಎನ್ನಲು ನಾಲಗೆ ಬೇಕಿಲ್ಲ. ಅರ್ಧಕ್ಕರ್ಧ ಎನ್ನಲು ಬೇಕು. ಅತ್ತೆಗೂ ಅದು ಹೊಳೆದಿರಬೇಕು. ಲೋಟ ಕೆಳಗಿಟ್ಟು, ಯಾರನ್ನೂ ನೋಡದೆ, ಆ ವಯಸ್ಸಿಗೂ ಆ ಕಾಲಿಗೂ ಸಲ್ಲದ ವೇಗದಲ್ಲಿ ಒಳಗೆ ಹೋದರು.

ಮಡಕೆಯ ಮುಚ್ಚಳ ತೆಗೆದ ಸದ್ದು ಕೇಳಿತು. ಗೂಟದಿಂದ ಸೌಟು ಇಳಿಸಿದ ಸದ್ದು. ಆಮೇಲೆ ಏನೂ ಇಲ್ಲ. ಜಗಲಿಯಲ್ಲಿ ಎಲ್ಲರೂ ಬಾಗಿಲ ಕಡೆ ಕತ್ತು ಚಾಚಿದರು, ಬೇರೆ ಬೇರೆ ಕಾರಣಗಳಿಗೆ.

“ಕೈಪೆ!”

ಆ ಮಾತು ಅಡುಗೆಮನೆಯಿಂದ ಹೊರಟು, ನಡುಕೋಣೆ ದಾಟಿ, ಜಗಲಿಗೆ ಬಂದು ಬಿತ್ತು. ಹಿಂದೆಯೇ ಇನ್ನೊಂದು, ಇನ್ನೂ ಗಟ್ಟಿಯಾಗಿ: “ಅಯ್ಯಮ್ಮ, ಕೈಪೆ!” ಪೇಟೆಯಲ್ಲಿ ಕಳೆದುಹೋದ ಮೊಮ್ಮಗು ಸಿಕ್ಕಾಗ ಕೂಗುವ ದನಿ ಅದು. ಅತ್ತೆ ಹೊರಗೆ ಬಂದರು. ಮುಖ ಒಣ ನೆಲ್ಲಿಕಾಯಿಯ ಹಾಗೆ ಮುದುಡಿತ್ತು, ಕಣ್ಣುಗಳಲ್ಲಿ ನೀರಿತ್ತು, ನಗುತ್ತಿದ್ದರು.

“ಇದನ್ನಾ ನೀವು ಇಷ್ಟು ದಿವಸ ಕುಡಿದದ್ದು? ನಿಮಗೆಂತ ಬಾಯಿ ಇಲ್ವಾ?”

“ಬಾಯಿ ಉಂಟು ಅಕ್ಕ. ಕಾನೂನೂ ಉಂಟು” ಎಂದರು ಕಂಡಕ್ಟರಣ್ಣ. “ಮೊದಮೊದಲು ಕುಡಿದೆವು. ಆಮೇಲೆ ಬದುಕಿಸಿದ್ದು ಇವಳು.”

ಎಲ್ಲರ ಕಣ್ಣು ಮೇಸ್ತ್ರಿಯ ಹೆಂಡತಿಯ ಕಡೆ ತಿರುಗಿತು. ಜಗಲಿಯಲ್ಲಿ ಇದು ಎಲ್ಲರಿಗೂ ಗೊತ್ತಿತ್ತೆಂದು ನನಗೆ ಗೊತ್ತಾದದ್ದು ಆಗಲೇ. ಗುಟ್ಟು ನನ್ನೊಬ್ಬಳ ಬಳಿ ಇದೆ ಎಂದುಕೊಂಡಿದ್ದೆ.

“ಒಂದಕ್ಕ ಒಂದ್ ಹಾಕ್ತಿದ್ನಿರೀ ಅಮ್ಮಾರ” ಎಂದಳು ಆಕೆ, ಕೆಟಲನ್ನು ಎದೆಗವಚಿಕೊಂಡು. “ಬೈತಿದ್ರ ಬೈರೀ.”

ಅತ್ತೆ ಆಕೆಯನ್ನು ಮೇಲಿಂದ ಕೆಳಗೆ ನೋಡಿದರು. “ನೀರು ಸರಿಯಾಗಿ ಕುದಿಸಿರಲಿಲ್ಲ. ಹೊಗೆ ವಾಸನೆ ಉಂಟು” ಎಂದರು. “ಮುಂದಿನ ವಾರ ಒಂದೇ ಕಟ್ಟು ಹಾಕುದು. ನೀರು ಬೇಡ.”

“ಸೋಣ ಮುಗೀತಲ್ಲ ಅಕ್ಕ?” ಎಂದರು ಯಾರೋ.

“ಮಳೆ ಮುಗೀತಾ?”

ಹೇಳಲಿಕ್ಕಿದ್ದ ಮಾತೇನೆಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಆದರೆ ಅವರು ಬೆಲ್ಲದ ಡಬ್ಬಿಗೆ ಕೈ ಹಾಕುವಾಗ ಕಂಡಕ್ಟರಣ್ಣ ಎದ್ದು ನಿಂತರು. ಗಂಟಲು ಸರಿಮಾಡಿಕೊಂಡರು.

“ಅಕ್ಕ. ಆ ಮಾತು ಹೇಳಿದ್ರಲ್ಲ.”

“ಯಾವ ಮಾತು?”

“ನಾನು ಹೇಳಿದ್ರೆ ನನಗೂ ಒಂದು ಲೋಟ ಬೀಳ್ತದೆ. ಎರಡು ಸಲ ಹೇಳಿದ್ದೀರಿ, ನಾವೆಲ್ಲ ಕೇಳಿದ್ದೇವೆ. ನಮ್ಮ ಬಸ್ಸಿಗೆ ಓನರ್ ಹತ್ತಿದ್ರೂ ನಾನು ಟಿಕೆಟ್ ಹರಿತಿದ್ದೆ.”

ಜಗಲಿ ಹೋ ಎಂದಿತು. ನನ್ನ ಗಂಡ ಒಳಗೆ ಹೋಗಿ ಮಡಕೆಯಿಂದಲೇ ಒಂದು ಲೋಟ ತುಂಬಿಸಿ ತಂದು ಅಮ್ಮನ ಮುಂದೆ ಹಿಡಿದರು. ಸನ್ನೆ ಭಾಷೆಯಲ್ಲಿ ವ್ಯಾಪಾರ ಮಾಡಿದ ಆ ಮಧ್ಯಾಹ್ನ ಅವರಿಗೆ ಮರೆತಿರಲಿಲ್ಲ. ಮೇಸ್ತ್ರಿಯ ಹೆಂಡತಿ ಬಿಸಿನೀರಿನ ಚೆಂಬು ಹಿಡಿದು ಓಡಿ ಬಂದಳು. ಅತ್ತೆ ಲೋಟದ ಬಾಯಿಗೆ ಅಂಗೈ ಅಡ್ಡ ಹಿಡಿದರು.

“ಬೇಡ.”

ಒಂದೇ ಉಸಿರಿಗೆ ಕುಡಿದರು. ಆಮೇಲೆ ತೆಂಗಿನ ಮರವನ್ನು ನೋಡಿದರು. ಬಹಳ ಹೊತ್ತು ನೋಡಿದರು. ಲೋಟವನ್ನು ದಂಡೆಯ ಮೇಲೆ ಬೋರಲು ಹಾಕಿ, “ಹದ ಉಂಟು” ಎಂದರು. ಡಬ್ಬಿಯಿಂದ ಒಂದು ಚೂರು ಓಲೆಬೆಲ್ಲ ತೆಗೆದು, ಯಾರೂ ನೋಡುತ್ತಿಲ್ಲ ಎಂಬಂತೆ, ತಮ್ಮ ಬಾಯಿಗೇ ಹಾಕಿಕೊಂಡರು.

ಬೋರಲು ಹಾಕಿದ ಲೋಟದ ಅಂಚಿನಿಂದ ಒಂದು ಹನಿ ಇಳಿದು ದಂಡೆಯ ಮೇಲೆ ಹರಡಿತು. ಕಂಡಕ್ಟರಣ್ಣ ನೋಡಿದರು, ನಾನೂ ನೋಡಿದೆ. ಅವರು ಟವೆಲಿನ ತುದಿಯಿಂದ ಅದನ್ನು ಒರೆಸಿ, “ಒಳಗೆ ಹೋಗಿ, ಒಳಗೆ ಜಾಗ ಉಂಟು” ಎಂದು ಆಗಷ್ಟೇ ಜಗಲಿ ಹತ್ತಿದವರಿಗೆ ದಾರಿ ಬಿಟ್ಟರು.